ಅಂಕಿ ಒಂದೇ, ಕಾಡತೂಸು ಬೇರೆ

ಪರವಾನಗಿ ಪುಸ್ತಕದಲ್ಲಿರುವ ‘.32’ ಎಂಬ ಅಂಕಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ?

ಚುನಾವಣೆಯ ದಿನಾಂಕ ಪ್ರಕಟವಾದೊಡನೆ ಪರವಾನಗಿ ಪಡೆದು ಆಯುಧ ಇಟ್ಟುಕೊಂಡವರು ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವುದು ಗಡಿನಾಡಿನ ಊರುಗಳಲ್ಲಿ ಎಲ್ಲರಿಗೂ ಪರಿಚಿತವಾದ ಸಂಗತಿ. ವಯನಾಡು, ನೀಲಗಿರಿ, ತಾಳವಾಡಿಯ ಕಾಡಂಚಿನ ಕೃಷಿಕರ ಮನೆಗಳಲ್ಲಿ ಬೆಳೆ ಕಾಯುವ ಕೋವಿ ಇರುವುದುಂಟು. ಸೊಲ್ಲಾಪುರ, ಆದವಾನಿಯ ಕಡೆಯ ಹಳೆಯ ವರ್ತಕ ಮನೆತನಗಳಲ್ಲಿ ಆತ್ಮರಕ್ಷಣೆಗೆಂದು ಪಡೆದ ರಿವಾಲ್ವರು ತಿಜೋರಿಯಲ್ಲಿ ಇರುವುದುಂಟು. ಪರವಾನಗಿ ಪುಸ್ತಕ ಆಯಾ ರಾಜ್ಯದ ಭಾಷೆಯಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತದೆ. ಕಾಡತೂಸಿನ ಪೆಟ್ಟಿಗೆಯ ಮೇಲಿನ ಅಕ್ಷರಗಳಂತೂ ಇಂಗ್ಲಿಷಿನವೇ. ಕನ್ನಡ ಶಾಲೆಯಲ್ಲಿ ಓದಿದ ಮನೆಯವರಿಗೆ ಆ ಪುಸ್ತಕದಲ್ಲಿ ಸಲೀಸಾಗಿ ಅರ್ಥವಾಗುವುದು ಅಂಕಿ ಮಾತ್ರ: ‘12 ಬೋರ್’, ‘.32’, ‘.22’.

ತೊಡಕು ಹುಟ್ಟುವುದು ಅಲ್ಲಿಯೇ. ಅಂಕಿ ಕಂಡೊಡನೆ ಅದು ಅಳತೆಯೆಂದು ಮನಸ್ಸು ಒಪ್ಪಿಕೊಳ್ಳುತ್ತದೆ. ಆಯುಧದ ಮೇಲೆ .32 ಎಂದಿದೆ, ಪೆಟ್ಟಿಗೆಯ ಮೇಲೂ .32 ಎಂದಿದೆ, ಆದುದರಿಂದ ಇದು ಅದಕ್ಕೆ ಸೇರಿದ್ದು ಎಂಬ ತರ್ಕ ಸಹಜವಾಗಿಯೇ ತೋರುತ್ತದೆ. ಆದರೆ ಕಾಡತೂಸುಗಳ ಲೋಕದಲ್ಲಿ ಅಂಕಿಯೆಂಬುದು ಬಹುಮಟ್ಟಿಗೆ ಒಂದು ಹೆಸರು. ಒಂದೇ ಹೆಸರಿನ ಇಬ್ಬರು ಒಂದೇ ಊರಿನಲ್ಲಿ ಇರುವಂತೆ, ಒಂದೇ ಅಂಕಿಯ ಎರಡು ಕಾಡತೂಸುಗಳು ಒಂದೇ ಅಂಗಡಿಯಲ್ಲಿ ಇರುತ್ತವೆ. ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟರೆ ಬೆರಳು, ಕಣ್ಣು, ಕೆಲವೊಮ್ಮೆ ಪ್ರಾಣವೇ ಹೋಗಬಹುದು.

ಗುಂಡು ಬೇರೆ, ಕಾಡತೂಸು ಬೇರೆ

ಕನ್ನಡದ ಮಾತಿನಲ್ಲಿ, ಪತ್ರಿಕೆಗಳಲ್ಲಿಯೂ, ‘ಗುಂಡು’ ಎಂಬ ಒಂದೇ ಶಬ್ದ ಎರಡು ವಸ್ತುಗಳಿಗೆ ಬಳಕೆಯಾಗುತ್ತಿದೆ. ಗುಂಡು ಎಂದರೆ ನಳಿಗೆಯಿಂದ ಹೊರಹಾರಿ ಗುರಿಯನ್ನು ತಾಗುವ ಲೋಹದ ತುಣುಕು ಮಾತ್ರ. ಆ ತುಣುಕು, ಅದನ್ನು ಹಿಡಿದಿರುವ ಹಿತ್ತಾಳೆಯ ಕೋಶ, ಕೋಶದೊಳಗಿನ ಮದ್ದು, ಕೋಶದ ಬುಡದಲ್ಲಿ ಕೂತ ಕೇಪು, ಈ ನಾಲ್ಕೂ ಸೇರಿದಾಗ ಆಗುವುದು ಕಾಡತೂಸು. ಮಲೆನಾಡಿನ ಹಿರಿಯರು ಅದನ್ನೇ ತೋಟಾ ಎನ್ನುತ್ತಾರೆ. ಕೇಪಿನ ಕೋವಿಗೆ ಮದ್ದು, ಗುಂಡುಗಳನ್ನು ಬಾಯಿಯಿಂದ ಬೇರೆಬೇರೆಯಾಗಿ ತುಂಬಬೇಕಾಗಿತ್ತು. ತೋಟಾ ಕೋವಿ ಬಂದ ಮೇಲೆ ಎಲ್ಲವೂ ಒಂದೇ ಕೊಳವೆಯಲ್ಲಿ ಸಿದ್ಧವಾಗಿ ದೊರಕತೊಡಗಿತು.

ಟ್ರಿಗರ್ ಎಳೆದಾಗ ಆಯುಧದ ಸೂಜಿ ಕೇಪಿಗೆ ಬಡಿಯುತ್ತದೆ. ಕೇಪಿನ ಕಿಡಿಯಿಂದ ಮದ್ದು ಕ್ಷಣಾರ್ಧದಲ್ಲಿ ಉರಿದು ಅನಿಲವಾಗುತ್ತದೆ. ಆ ಅನಿಲ ಗುಂಡನ್ನು ಮುಂದಕ್ಕೆ ನೂಕುವಷ್ಟೇ ರಭಸದಿಂದ ಕೋಶದ ಗೋಡೆಗಳನ್ನು ಹೊರಕ್ಕೂ ಬುಡವನ್ನು ಹಿಂದಕ್ಕೂ ನೂಕುತ್ತದೆ. ಹಿತ್ತಾಳೆ ಉಬ್ಬಿ, ತಾನು ಕೂತಿರುವ ಉಕ್ಕಿನ ಗೂಡಿಗೆ ಒತ್ತಿಕೊಂಡು, ಅನಿಲ ಹಿಂದಕ್ಕೆ ಸೋರದಂತೆ ಮುಚ್ಚುತ್ತದೆ. ತೆಳುವಾದ ಹಿತ್ತಾಳೆಗೆ ಆ ಒತ್ತಡವನ್ನು ತಡೆಯುವ ಶಕ್ತಿ ಇಲ್ಲ. ತಡೆಯುವುದು ಗೂಡಿನ ಉಕ್ಕು.

ಆ ಒತ್ತಡದ ಪ್ರಮಾಣವನ್ನು ಒಂದು ಹೋಲಿಕೆಯಿಂದ ತಿಳಿಯಬಹುದು. ಕಾರಿನ ಚಕ್ರಕ್ಕೆ ತುಂಬುವ ಗಾಳಿಯ ಒತ್ತಡ ಚದರ ಅಂಗುಲಕ್ಕೆ ಸುಮಾರು 30ರಿಂದ 35 ಪೌಂಡ್. ಸೌಮ್ಯವೆಂದು ಹೆಸರಾದ ಹಳೆಯ ರಿವಾಲ್ವರ್ ಕಾಡತೂಸಿನಲ್ಲಿ ಅದು 15,000 ಪೌಂಡ್‌ವರೆಗೆ ಏರುತ್ತದೆ. ಬಲವಾದವುಗಳಲ್ಲಿ 35,000 ಪೌಂಡ್ ಮುಟ್ಟುತ್ತದೆ. ಇಷ್ಟನ್ನು ತಿಳಿದ ಮೇಲೆ ಹೊಂದಾಣಿಕೆ ಎಂಬ ಮಾತಿಗೆ ಸ್ಪಷ್ಟವಾದ ಅರ್ಥ ಬರುತ್ತದೆ. ಕೋಶದ ದಪ್ಪ ಗೂಡಿಗೆ ಸರಿಹೊಂದಬೇಕು. ಅದರ ಉದ್ದವೂ ಬುಡದ ಅಂಚೂ ಗೂಡಿಗೆ ತಕ್ಕಂತಿರಬೇಕು. ಗುಂಡಿನ ವ್ಯಾಸ ನಳಿಗೆಗೆ ಕೂಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಮದ್ದಿನ ಒತ್ತಡ ಆ ಉಕ್ಕು ತಡೆಯುವ ಮಿತಿಯೊಳಗೆ ಇರಬೇಕು. ಮೊದಲಿನವುಗಳಲ್ಲಿ ಕೆಲವನ್ನಾದರೂ ಕೈ ಪರೀಕ್ಷಿಸಬಲ್ಲದು. ಕೊನೆಯದನ್ನು ಕೈಯಾಗಲಿ ಕಣ್ಣಾಗಲಿ ಹೇಳಲಾರದು. ಒಳಗೆ ಹೋಯಿತು ಎಂಬ ಮಾತ್ರಕ್ಕೆ ಸರಿಯಾಯಿತು ಎನ್ನುವಂತಿಲ್ಲ.

ಅಂಗುಲ, ಮಿಲಿಮೀಟರ್ ಮತ್ತು ಸೀಸದ ಉಂಡೆ

ಅಳತೆಯ ಪದ್ಧತಿಗಳು ಮೂರು. ಮೊದಲನೆಯದು ಕೋವಿಯ ಬೋರ್. ಒಂದು ಪೌಂಡ್ ಸೀಸವನ್ನು ಸಮನಾದ 12 ಉಂಡೆಗಳಾಗಿ ಮಾಡಿದರೆ ಅದರಲ್ಲಿ ಒಂದು ಉಂಡೆ ಯಾವ ನಳಿಗೆಗೆ ಸರಿಯಾಗಿ ಕೂರುತ್ತದೆಯೋ ಅದು 12 ಬೋರ್. ಅದರ ವ್ಯಾಸ ಸುಮಾರು 18.5 ಮಿ.ಮೀ. ಅದೇ ಸೀಸವನ್ನು 20 ಉಂಡೆ ಮಾಡಿದರೆ ಪ್ರತಿಯೊಂದೂ ಸಣ್ಣದಾಗುತ್ತದೆ. ಆದುದರಿಂದ 20 ಬೋರಿನ ನಳಿಗೆ 12 ಬೋರಿಗಿಂತ ಕಿರಿದು. ಅಂಕಿ ಏರಿದಂತೆ ಬಾಯಿ ಕುಗ್ಗುತ್ತದೆ. 20 ಬೋರಿನ ತೋಟಾವನ್ನು ಮರೆತು 12 ಬೋರಿನ ಕೋವಿಗೆ ಹಾಕಿದರೆ ಅದು ಗೂಡಿನಲ್ಲಿ ನಿಲ್ಲದೆ ಮುಂದಕ್ಕೆ ಜಾರಿ ನಳಿಗೆಯ ಆರಂಭದಲ್ಲಿ ಸಿಕ್ಕಿಕೊಳ್ಳುತ್ತದೆ. ಗೂಡು ಖಾಲಿಯಾಗಿ ಕಾಣುತ್ತದೆ. ಹಿಂದಿನಿಂದ 12 ಬೋರಿನ ತೋಟಾ ಹಾಕಿ ಹಾರಿಸಿದರೆ ನಳಿಗೆಯೇ ಸಿಡಿಯುತ್ತದೆ. ಇಂತಹ ಗೊಂದಲವನ್ನು ತಪ್ಪಿಸಲೆಂದೇ ಅಮೆರಿಕದ ತಯಾರಕರು 20 ಬೋರಿನ ತೋಟಾಗಳಿಗೆ ಹಳದಿ ಬಣ್ಣವನ್ನು ಮೀಸಲಿಟ್ಟರು.

ರಿವಾಲ್ವರು, ಪಿಸ್ತೂಲು, ರೈಫಲುಗಳಲ್ಲಿ ಉಳಿದೆರಡು ಪದ್ಧತಿಗಳಿವೆ. ಬ್ರಿಟನ್ನು, ಅಮೆರಿಕಗಳು ಅಂಗುಲದ ದಶಮಾಂಶವನ್ನು ಬಳಸಿದವು. ಯುರೋಪಿನ ಇತರ ದೇಶಗಳು ಮಿಲಿಮೀಟರನ್ನು ಬಳಸಿದವು. ಒಂದು ಅಂಗುಲಕ್ಕೆ 25.4 ಮಿ.ಮೀ. ಎಂಬುದು ಶಾಲೆಯ ಮಕ್ಕಳಿಗೂ ಗೊತ್ತಿರುವ ಲೆಕ್ಕ. ಅದರಂತೆ ಗುಣಿಸಿದರೆ .32 ಎಂಬುದು 8.13 ಮಿ.ಮೀ. ಆಗಬೇಕು. ಆದರೆ .32 ಪಿಸ್ತೂಲಿನ ಯುರೋಪಿನ ಹೆಸರು 7.65 ಮಿ.ಮೀ. ಅದರ ಗುಂಡನ್ನು ಅಳೆದರೆ ಸಿಗುವುದು ಸುಮಾರು 7.9 ಮಿ.ಮೀ. ಒಂದೇ ವಸ್ತುವಿಗೆ ಮೂರು ಸಂಖ್ಯೆ!

ಈ ಒಗಟನ್ನು ಬಿಡಿಸಲು ನಳಿಗೆಯ ಒಳಗನ್ನು ನೋಡಬೇಕು. ಗುಂಡು ತಿರುಗುತ್ತ ನೇರವಾಗಿ ಸಾಗಲೆಂದು ನಳಿಗೆಯ ಒಳಗೋಡೆಯಲ್ಲಿ ಸುರುಳಿಯಾಕಾರದ ಗಾಡಿಗಳನ್ನು ಕೊರೆದಿರುತ್ತಾರೆ. ಗಾಡಿಗಳ ನಡುವೆ ಉಳಿದ ಎತ್ತರದ ಏಣುಗಳಿರುತ್ತವೆ. ಎದುರುಬದುರು ಏಣುಗಳ ನಡುವಿನ ಅಂತರ ಒಂದು ಅಳತೆ; ಎದುರುಬದುರು ಗಾಡಿಗಳ ತಳದ ನಡುವಿನ ಅಂತರ ಅದಕ್ಕಿಂತ ತುಸು ಹೆಚ್ಚು. ಗುಂಡಿನ ವ್ಯಾಸ ಹೊಂದುವುದು ಗಾಡಿಯ ಅಳತೆಗೆ. ಕೆಲವು ತಯಾರಕರು ಏಣಿನ ಅಳತೆಯನ್ನು ಹೆಸರಾಗಿಸಿದರು, ಕೆಲವರು ಗುಂಡಿನ ಅಳತೆಯನ್ನು. ಮತ್ತೆ ಕೆಲವರು ಇವೆರಡರಲ್ಲಿ ಯಾವುದೂ ಅಲ್ಲದ ದುಂಡು ಸಂಖ್ಯೆಯೊಂದನ್ನು ಇಟ್ಟುಕೊಂಡರು. ಎಲ್ಲರನ್ನೂ ಕಟ್ಟುವ ಒಂದು ನಿಯಮ ಇರಲಿಲ್ಲ.

‘ಮೂವತ್ತೆಂಟು’ ಎಂಬ ಹೆಸರು ಬಂದ ಬಗೆ

ಹೆಸರಿಗೂ ಅಳತೆಗೂ ಬಂದ ಬಿರುಕಿನ ಪ್ರಸಿದ್ಧ ಉದಾಹರಣೆ .38. ಹತ್ತೊಂಬತ್ತನೆಯ ಶತಮಾನದ ಅನೇಕ ರಿವಾಲ್ವರ್ ಕಾಡತೂಸುಗಳಲ್ಲಿ ಗುಂಡಿನ ಹೊರವ್ಯಾಸವೂ ಕೋಶದ ಹೊರವ್ಯಾಸವೂ ಸಮನಾಗಿದ್ದವು. ಗುಂಡಿನ ಹಿಂಭಾಗವನ್ನು ಮಾತ್ರ ಸಣ್ಣದಾಗಿಸಿ ಕೋಶದೊಳಕ್ಕೆ ಸಿಕ್ಕಿಸುತ್ತಿದ್ದರು. ಇಂದಿನ .22 ಕಾಡತೂಸಿನಲ್ಲಿ ಆ ಹಳೆಯ ರೀತಿ ಈಗಲೂ ಉಳಿದಿದೆ. ಆಗ .38 ಎಂಬುದು ನಿಜವಾದ ಅಳತೆಗೆ ಹತ್ತಿರವಾಗಿಯೇ ಇತ್ತು. ಅನಂತರ ಇಡೀ ಗುಂಡನ್ನು ಕೋಶದ ಒಳಗೆ ಕೂರಿಸುವ ಪದ್ಧತಿ ಬಂದಿತು. ಕೋಶದ ಗೋಡೆಯ ದಪ್ಪದಷ್ಟು ಗುಂಡು ಸಣ್ಣದಾಯಿತು. ಅಳತೆ ಬದಲಾಯಿತು, ಹೆಸರು ಹಾಗೆಯೇ ಉಳಿಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಸ್ಮಿತ್ ಆ್ಯಂಡ್ ವೆಸನ್ ಕಂಪನಿ ರೂಪಿಸಿದ ‘.38 ಸ್ಪೆಷಲ್’ ಕಾಡತೂಸಿನ ಗುಂಡು ಅಳತೆಯಲ್ಲಿ .357 ಅಂಗುಲ, ಎಂದರೆ ಸುಮಾರು 9.07 ಮಿ.ಮೀ.

1935ರಲ್ಲಿ ಅದೇ ಕಂಪನಿ ಬಲವಾದ ಹೊಸ ಕಾಡತೂಸನ್ನು ಮಾರುಕಟ್ಟೆಗೆ ತಂದಾಗ ಹೆಸರಿನಲ್ಲಿಯೇ ನಿಜವಾದ ಅಳತೆಯನ್ನು ಇಟ್ಟಿತು: ‘.357 ಮ್ಯಾಗ್ನಮ್’. ಇದರ ಗುಂಡಿಗೂ .38 ಸ್ಪೆಷಲ್ ಗುಂಡಿಗೂ ವ್ಯಾಸದಲ್ಲಿ ಭೇದವಿಲ್ಲ; ಕೋಶದ ದಪ್ಪವೂ ಒಂದೇ. ಆದರೆ ಒತ್ತಡದ ಮಿತಿ ಒಂದರಲ್ಲಿ 17,000 ಪೌಂಡ್, ಇನ್ನೊಂದರಲ್ಲಿ 35,000. ಬಲವಾದದ್ದನ್ನು ಹಳೆಯ ರಿವಾಲ್ವರಿಗೆ ಯಾರಾದರೂ ಹಾಕಿಬಿಟ್ಟರೆ ಅನಾಹುತವಾಗುತ್ತದೆಂದು ಅರಿತ ತಯಾರಕರು ಹೊಸ ಕೋಶವನ್ನು ಸುಮಾರು 3 ಮಿ.ಮೀ.ಗಿಂತ ತುಸು ಹೆಚ್ಚು ಉದ್ದ ಮಾಡಿದರು. .38 ಸ್ಪೆಷಲ್ ರಿವಾಲ್ವರಿನ ಗೂಡಿನಲ್ಲಿ ಅದು ಪೂರ್ಣವಾಗಿ ಇಳಿಯುವುದಿಲ್ಲ, ಉರುಳೆ ಮುಚ್ಚುವುದಿಲ್ಲ. .357ರ ರಿವಾಲ್ವರಿನಲ್ಲಿಯಾದರೋ .38 ಸ್ಪೆಷಲ್ ಕಾಡತೂಸನ್ನು ನಿರಪಾಯವಾಗಿ ಬಳಸಬಹುದು. ಅಂಕಿ ಬೇರೆಯಾದರೂ ಹೊಂದಾಣಿಕೆ ಇದೆ. ಅದೂ ಒಂದೇ ದಿಕ್ಕಿನಲ್ಲಿ. ಎಂಟನೆಯ ಒಂದು ಭಾಗ ಅಂಗುಲದಷ್ಟು ಹಿತ್ತಾಳೆ ಇಲ್ಲಿ ಕಾವಲುಗಾರನ ಕೆಲಸ ಮಾಡುತ್ತದೆ. ಎಲ್ಲ ಜೋಡಿಗಳಿಗೂ ಇಂತಹ ಕಾವಲು ದೊರೆತಿಲ್ಲ.

ಭಾರತದ ಎರಡು ‘.32’

ಭಾರತದ ಸಾಮಾನ್ಯ ನಾಗರಿಕನಿಗೆ ಸಂಬಂಧಪಟ್ಟ ಅಂಕಿ .32. ಕಾನಪುರದ ಸರಕಾರಿ ಸಣ್ಣ ಆಯುಧಗಳ ಕಾರ್ಖಾನೆಯಲ್ಲಿ ಬ್ರಿಟಿಷ್ ವೆಬ್ಲಿಯ ಮಾದರಿಯನ್ನು ಆಧರಿಸಿ ತಯಾರಾದ ರಿವಾಲ್ವರು .32. 2014ರಲ್ಲಿ ಮಹಿಳೆಯರಿಗಾಗಿ ಎಂದು ಪ್ರಚಾರಗೊಂಡು ಬಂದ ‘ನಿರ್ಭೀಕ್’ ರಿವಾಲ್ವರು ಕೂಡ .32. ಸರಕಾರಿ ಕಾರ್ಖಾನೆಗಳದ್ದೇ ಆದ ‘ಅಶನಿ’ ಎಂಬ ಪಿಸ್ತೂಲು ಸಹ .32. ಪರವಾನಗಿ ಪುಸ್ತಕದಲ್ಲಿ ಈ ಮೂರಕ್ಕೂ ಒಂದೇ ಅಂಕಿ ಬೀಳುತ್ತದೆ. ಕಾಡತೂಸು ಮಾತ್ರ ಒಂದೇ ಅಲ್ಲ.

ರಿವಾಲ್ವರಿಗೆ ಬೇಕಾದುದು 1896ರಲ್ಲಿ ಬಂದ ‘.32 ಸ್ಮಿತ್ ಆ್ಯಂಡ್ ವೆಸನ್ ಲಾಂಗ್’. ಇದರ ಕೋಶದ ಉದ್ದ 23 ಮಿ.ಮೀ.ಗಿಂತ ತುಸು ಹೆಚ್ಚು. ಬುಡದಲ್ಲಿ ಬಳೆಯಂತೆ ಹೊರಚಾಚಿದ ಅಂಚು ಇರುತ್ತದೆ. ರಿವಾಲ್ವರಿನ ಉರುಳೆಯಲ್ಲಿ ಕಾಡತೂಸು ಮುಂದಕ್ಕೆ ಜಾರದಂತೆ ತಡೆಯುವುದು ಈ ಅಂಚು. ಪಿಸ್ತೂಲಿಗೆ ಬೇಕಾದುದು 1899ರ ಸುಮಾರಿಗೆ ಜಾನ್ ಬ್ರೌನಿಂಗ್ ಎಂಬ ಅಮೆರಿಕನ್ ಶಿಲ್ಪಿ ಬೆಲ್ಜಿಯಂನ ಕಾರ್ಖಾನೆಗಾಗಿ ರೂಪಿಸಿದ ‘.32 ಎ.ಸಿ.ಪಿ.’ ಇದರ ಇನ್ನೊಂದು ಹೆಸರು ‘7.65 ಮಿ.ಮೀ. ಬ್ರೌನಿಂಗ್’. ಕೋಶದ ಉದ್ದ ಸುಮಾರು 17 ಮಿ.ಮೀ. ಪಿಸ್ತೂಲಿನಲ್ಲಿ ಕಾಡತೂಸುಗಳು ಮ್ಯಾಗಜೀನಿನೊಳಗೆ ಒಂದರ ಮೇಲೊಂದು ಕೂತು ತಾವಾಗಿಯೇ ಮೇಲೇರಬೇಕು; ಅಗಲವಾದ ಅಂಚಿದ್ದರೆ ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಆದುದರಿಂದ ಇದರ ಬುಡದ ಅಂಚು ಕಿರಿದು, ಕಂಡೂ ಕಾಣದಷ್ಟು.

ರಿವಾಲ್ವರಿನ ಉದ್ದದ ಕಾಡತೂಸು ಪಿಸ್ತೂಲಿನ ಮ್ಯಾಗಜೀನಿಗೆ ಹಿಡಿಸುವುದೇ ಇಲ್ಲ. ಅಲ್ಲಿ ತಪ್ಪು ತಾನಾಗಿಯೇ ಬಯಲಾಗುತ್ತದೆ. ಅಪಾಯವಿರುವುದು ಇನ್ನೊಂದು ದಿಕ್ಕಿನಲ್ಲಿ. ಎರಡೂ ಕೋಶಗಳ ದಪ್ಪ ಹೆಚ್ಚುಕಡಮೆ ಸಮ, ಗುಂಡಿನ ವ್ಯಾಸವೂ ಸಮ. ಪಿಸ್ತೂಲಿನ ಗಿಡ್ಡ ಕಾಡತೂಸು ರಿವಾಲ್ವರಿನ ಗೂಡಿನೊಳಕ್ಕೆ ಇಳಿಯಬಲ್ಲದು. ಕಿರಿದಾದ ಅಂಚೇ ಅದನ್ನು ಹಿಡಿದು ನಿಲ್ಲಿಸಲೂಬಹುದು. ನೋಡುವವರಿಗೆ ಸಣ್ಣದು ಎಂದರೆ ದುರ್ಬಲ ಎಂದೇ ತೋರುತ್ತದೆ. ವಾಸ್ತವ ಅದಕ್ಕೆ ವಿರುದ್ಧ. ರಿವಾಲ್ವರಿನ ಉದ್ದನೆಯ ಕಾಡತೂಸಿಗೆ ಅಮೆರಿಕದ ತಯಾರಕರ ಮಾನದಂಡ ವಿಧಿಸಿರುವ ಒತ್ತಡದ ಮಿತಿ 15,000 ಪೌಂಡ್. ಪಿಸ್ತೂಲಿನ ಗಿಡ್ಡ ಕಾಡತೂಸಿಗೆ 20,500 ಪೌಂಡ್. ಗಿಡ್ಡದು ಮೂರರಲ್ಲಿ ಒಂದು ಪಾಲಿನಷ್ಟು ಹೆಚ್ಚು ಒತ್ತಡವನ್ನು ಹುಟ್ಟಿಸಬಲ್ಲದು. ಅಜ್ಜನ ಕಾಲದ ರಿವಾಲ್ವರಿನ ಸವೆದ ಉರುಳೆಗೆ ಅದು ಭಾರವಾದೀತು.

ಇಲ್ಲಿ 3 ಮಿ.ಮೀ. ಹಿತ್ತಾಳೆಯ ಕಾವಲು ಇಲ್ಲ. ಇರುವ ಕಾವಲು ಒಂದೇ: ಪೂರ್ಣ ಹೆಸರು. ಕಾಡತೂಸಿನ ಬುಡವನ್ನು ನೋಡಿದರೆ ಕೇಪಿನ ಸುತ್ತ ಒತ್ತಿದ ಅಕ್ಷರಗಳು ಕಾಣಿಸುತ್ತವೆ. ಅದರಲ್ಲಿ ತಯಾರಕರ ಗುರುತು ಇರುತ್ತದೆ, ಸಾಮಾನ್ಯವಾಗಿ ಕಾಡತೂಸಿನ ಹೆಸರೂ ಇರುತ್ತದೆ. ಭಾರತದ ಕಾಡತೂಸುಗಳ ಮೇಲೆ ಕಾಣುವ ‘ಕೆ.ಎಫ್.’ ಎಂಬ ಗುರುತು ಪುಣೆಯ ಬಳಿಯ ಖಡಕಿಯದು; ಬ್ರಿಟಿಷರು ಅದನ್ನು ಕಿರ್ಕೀ ಎನ್ನುತ್ತಿದ್ದರು. ಆ ಮದ್ದುಗುಂಡಿನ ಕಾರ್ಖಾನೆ ಸ್ಥಾಪನೆಯಾದುದು 1869ರಲ್ಲಿ. 2021ರ ಅಕ್ಟೋಬರ್ 1ರಂದು ಸರಕಾರಿ ಆಯುಧ ಕಾರ್ಖಾನೆಗಳ ಮಂಡಳಿಯನ್ನು ವಿಸರ್ಜಿಸಿ ಏಳು ಕಂಪನಿಗಳನ್ನು ರಚಿಸಿದ ಮೇಲೆ ಖಡಕಿಯ ಕಾರ್ಖಾನೆ ಮ್ಯೂನಿಷನ್ಸ್ ಇಂಡಿಯಾ ಕಂಪನಿಗೆ ಸೇರಿದೆ. ಆಯುಧದ ನಳಿಗೆಯ ಮೇಲೆ, ಪೆಟ್ಟಿಗೆಯ ಮೇಲೆ, ಕಾಡತೂಸಿನ ಬುಡದಲ್ಲಿ ಇರುವ ಹೆಸರುಗಳು ಅಂಕಿಯಿಂದ ಹಿಡಿದು ಕೊನೆಯ ಅಕ್ಷರದವರೆಗೆ ಒಂದಕ್ಕೊಂದು ಕೂಡಬೇಕು. ‘ಲಾಂಗ್’ ಎಂಬ ಒಂದು ಮಾತು, ‘ಎ.ಸಿ.ಪಿ.’ ಎಂಬ ಮೂರು ಅಕ್ಷರ, ಇವು ಅಂಕಿಯ ಬಾಲವಲ್ಲ. ಅವೇ ಹೆಸರಿನ ಮುಖ್ಯ ಭಾಗ.

ಒಂಬತ್ತು ಮಿಲಿಮೀಟರಿನ ಬಳಗ

ಮಿಲಿಮೀಟರಿನ ಲೆಕ್ಕವಾದರೆ ಇಂತಹ ಗೊಂದಲ ಇರಲಾರದು ಎಂದುಕೊಂಡರೆ ಅದೂ ಸರಿಯಲ್ಲ. ‘9 ಮಿ.ಮೀ.’ ಎಂಬುದು ಒಂದು ದೊಡ್ಡ ಬಳಗದ ಮನೆತನದ ಹೆಸರು. ಜರ್ಮನಿಯ ಗಿಯೋರ್ಗ್ ಲೂಗರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ ‘9 ಮಿ.ಮೀ. ಪ್ಯಾರಬೆಲಮ್’ ಇಂದು ಜಗತ್ತಿನ ಹೆಚ್ಚಿನ ಸೇನೆ, ಪೊಲೀಸ್ ಪಡೆಗಳ ಕಾಡತೂಸು. ಅದರ ಕೋಶದ ಉದ್ದ 19 ಮಿ.ಮೀ.; ಆದುದರಿಂದ ಅದನ್ನು 9×19 ಎಂದು ಬರೆಯುತ್ತಾರೆ. 1908ರಲ್ಲಿ ಬ್ರೌನಿಂಗ್ ರೂಪಿಸಿದ ‘9 ಮಿ.ಮೀ. ಶಾರ್ಟ್’ 9×17; ಅಮೆರಿಕದಲ್ಲಿ ಅದಕ್ಕೆ .380 ಎ.ಸಿ.ಪಿ. ಎಂದು ಹೆಸರು. ಸೋವಿಯತ್ ದೇಶದ ‘9 ಮಿ.ಮೀ. ಮಕರೋವ್’ 9×18, ಅದರ ಗುಂಡಿನ ವ್ಯಾಸ 9.27 ಮಿ.ಮೀ. ಇರುವುದರಿಂದ ಉಳಿದ ಎರಡರ ನಳಿಗೆಗೆ ಅದು ದಪ್ಪವೇ. ಹೆಸರಿನಲ್ಲಿ ಮೂವರೂ ಒಂಬತ್ತು. ಒಬ್ಬರ ಜಾಗಕ್ಕೆ ಇನ್ನೊಬ್ಬರು ಸಲ್ಲರು. ವ್ಯಾಸದ ಜೊತೆಗೆ ಕೋಶದ ಉದ್ದವನ್ನೂ ಬರೆಯುವ ಈ ಪದ್ಧತಿ ಗೊಂದಲವನ್ನು ಬಹುಮಟ್ಟಿಗೆ ನಿವಾರಿಸುತ್ತದೆ.

ಭಾರತದ ಇತಿಹಾಸದ ಅತ್ಯಂತ ದುಃಖದ ಘಟನೆಯೊಂದರಲ್ಲಿ ಈ ಭೇದ ದಾಖಲಾಗಿದೆ. 1948ರ ಜನವರಿ 30ರಂದು ದೆಹಲಿಯಲ್ಲಿ ಮಹಾತ್ಮ ಗಾಂಧಿಯವರ ಹತ್ಯೆಗೆ ಬಳಕೆಯಾದುದು ಇಟಲಿಯ ಬೆರೆಟಾ ಕಂಪನಿಯ 1934ರ ಮಾದರಿಯ ಪಿಸ್ತೂಲು. ಅದನ್ನು 9 ಮಿ.ಮೀ. ಎಂದಷ್ಟೇ ಬರೆಯುವುದು ರೂಢಿ. ಆ ಮಾದರಿಯ ಕಾಡತೂಸು 9×17, ಎಂದರೆ ಗಿಡ್ಡ ಜಾತಿಯದು. ಸೇನೆಯ 9×19 ಅಲ್ಲ.

ಕಾನೂನು ಅಂಕಿಯನ್ನು ನೋಡುವ ಬಗೆ

ಆಯುಧ ಕಾನೂನು ಈ ಸೂಕ್ಷ್ಮವನ್ನು ಚೆನ್ನಾಗಿ ಅರಿತಿದೆ. 1959ರ ಆಯುಧ ಅಧಿನಿಯಮದ ಅಡಿಯಲ್ಲಿ 1962ರಲ್ಲಿ ಬಂದ ನಿಯಮಾವಳಿ, ನಾಗರಿಕರಿಗೆ ಸಾಮಾನ್ಯವಾಗಿ ದೊರಕದ ಆಯುಧಗಳನ್ನು ಪಟ್ಟಿಮಾಡುವಾಗ ನಳಿಗೆಯ ಅಳತೆಯೊಂದನ್ನೇ ಹೇಳಿ ಸುಮ್ಮನಾಗಲಿಲ್ಲ. .380 ಅಥವಾ .455 ಅಂಚುಳ್ಳ ಕಾಡತೂಸುಗಳನ್ನಾಗಲಿ ಸೇನೆಯ 9 ಮಿ.ಮೀ. ಕಾಡತೂಸನ್ನಾಗಲಿ ತನ್ನ ಗೂಡಿನಲ್ಲಿ ಕೂರಿಸಿಕೊಂಡು ಹಾರಿಸಬಲ್ಲ ಯಾವುದೇ ಬೋರಿನ ಪಿಸ್ತೂಲು, ರಿವಾಲ್ವರು ಎಂಬ ಅರ್ಥದ ಮಾತನ್ನು ಅದು ಬಳಸಿತು. ಬೋರ್ ಯಾವುದೇ ಇರಲಿ, ಯಾವ ಕಾಡತೂಸನ್ನು ಹಾರಿಸಬಲ್ಲದು ಎಂಬುದೇ ಪ್ರಶ್ನೆ. ಸೇನೆಯ, ಪೊಲೀಸರ ಕಾಡತೂಸು ಕಳುವಾಗಿ ಹೊರಬಿದ್ದರೂ ಊರಿನ ಆಯುಧಗಳಲ್ಲಿ ಅದು ಉಪಯೋಗಕ್ಕೆ ಬಾರದಂತಿರಬೇಕು ಎಂಬುದು ಅದರ ಹಿಂದಿನ ಉದ್ದೇಶ. ನಾಗರಿಕರ ರಿವಾಲ್ವರು .32ಕ್ಕೆ ನಿಂತಿರುವುದು ಈ ಕಾರಣದಿಂದ. ‘ನಿಷೇಧಿತ ಬೋರ್’ ಎಂದು ಪತ್ರಿಕೆಗಳಲ್ಲಿ ಬರುವ ಮಾತಿನ ಮೂಲವೂ ಇದೇ.

ಅದೇ ಅಧಿನಿಯಮದ ಮೂರನೆಯ ಕಲಮಿನ ಪ್ರಕಾರ ಆಯುಧಕ್ಕೆ ಮಾತ್ರವಲ್ಲ, ಕಾಡತೂಸಿಗೂ ಪರವಾನಗಿ ಬೇಕು. ಯಾವ ಜಾತಿಯ ಕಾಡತೂಸನ್ನು ಎಷ್ಟರಮಟ್ಟಿಗೆ ಇಟ್ಟುಕೊಳ್ಳಬಹುದು ಎಂಬುದು ಪರವಾನಗಿಯಲ್ಲಿಯೇ ನಮೂದಾಗಿರುತ್ತದೆ. ಪರವಾನಗಿದಾರ ತೀರಿಕೊಂಡಾಗ ಅಥವಾ ಪರವಾನಗಿಯ ಅವಧಿ ಮುಗಿದಾಗ ಮನೆಯಲ್ಲಿ ಉಳಿದ ಆಯುಧವನ್ನೂ ಕಾಡತೂಸನ್ನೂ ವಿಳಂಬವಿಲ್ಲದೆ ಸಮೀಪದ ಪೊಲೀಸ್ ಠಾಣೆಯಲ್ಲಿ ಇಲ್ಲವೇ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಠೇವಣಿ ಇಡಬೇಕೆಂದು ಇಪ್ಪತ್ತೊಂದನೆಯ ಕಲಮು ಹೇಳುತ್ತದೆ. ತಿಜೋರಿಯ ಮೂಲೆಯಲ್ಲಿ ಉಳಿದುಹೋದ ನಾಲ್ಕು ಕಾಡತೂಸುಗಳನ್ನು ಹಿರಿಯರ ನೆನಪಿಗೆಂದು ಇಟ್ಟುಕೊಳ್ಳುವುದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ.

ಸುದ್ದಿಯಲ್ಲಿ ಬರುವ ಅಂಕಿ

ಕನ್ನಡದ ಓದುಗರಿಗೆ ‘7.65 ಮಿ.ಮೀ.’ ಎಂಬ ಅಂಕಿ ಪರಿಚಯವಾದುದು ನೋವಿನ ಸಂದರ್ಭದಲ್ಲಿ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ವಚನ ಸಾಹಿತ್ಯದ ವಿದ್ವಾಂಸ ಎಂ.ಎಂ. ಕಲಬುರ್ಗಿಯವರ ಹತ್ಯೆಯಾಯಿತು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರ ಹತ್ಯೆಯಾಯಿತು. ಎರಡರಲ್ಲಿಯೂ ಒಂದೇ 7.65 ಮಿ.ಮೀ. ನಾಡ ಪಿಸ್ತೂಲು ಬಳಕೆಯಾಗಿದೆಯೆಂದು ವಿಧಿವಿಜ್ಞಾನ ಪ್ರಯೋಗಾಲಯದ ಪರೀಕ್ಷೆ ತೋರಿಸಿದುದಾಗಿ ತನಿಖೆ ಹೇಳಿತು.

ಅಂಕಿಯೊಂದರಿಂದಲೇ ಇಂತಹ ನಿರ್ಣಯಕ್ಕೆ ಬರಲಾಗದು. ಅಂಕಿ ಹೇಳುವುದು ಕಾಡತೂಸಿನ ಜಾತಿಯನ್ನು. ಆ ಜಾತಿಯ ಆಯುಧಗಳು ಲೆಕ್ಕವಿಲ್ಲದಷ್ಟಿವೆ. ವ್ಯಕ್ತಿಯನ್ನು ಗುರುತಿಸುವ ಬೆರಳಚ್ಚಿನಂತೆ ಆಯುಧವನ್ನು ಗುರುತಿಸುವುದು ಅದು ಬಿಟ್ಟುಹೋಗುವ ಗೀರುಗಳು. ನಳಿಗೆಯ ಏಣುಗಳು ಗುಂಡಿನ ಮೈಮೇಲೆ ಗೆರೆ ಎಳೆಯುತ್ತವೆ. ಸೂಜಿ ಕೇಪಿನ ಮೇಲೆ ಗುಳಿ ಮಾಡುತ್ತದೆ. ಕೋಶದ ಬುಡ ಹಿಂಗೋಡೆಗೆ ಅಪ್ಪಳಿಸಿ ಅದರ ಒರಟುತನವನ್ನು ಅಚ್ಚೊತ್ತಿಕೊಳ್ಳುತ್ತದೆ. ತಜ್ಞರು ಎರಡು ಕೋಶಗಳನ್ನು ಸೂಕ್ಷ್ಮದರ್ಶಕದ ಅಡಿ ಅಕ್ಕಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಸುದ್ದಿಯಲ್ಲಿ ‘ಒಂದೇ ಅಳತೆಯ ಪಿಸ್ತೂಲು’ ಎಂದು ಬಂದಾಗ ಅದನ್ನು ‘ಒಂದೇ ಪಿಸ್ತೂಲು’ ಎಂದು ಓದಬಾರದು. ಎರಡು ಮಾತುಗಳ ನಡುವೆ ಒಂದು ಪ್ರಯೋಗಾಲಯದ ಶ್ರಮವಿದೆ.

ನಾಡ ಪಿಸ್ತೂಲು ಎಂಬುದು ಹಾರಿಸುವವನಿಗೂ ಅಪಾಯಕಾರಿ ಎಂಬುದನ್ನು ಇಲ್ಲಿಯೇ ಹೇಳಬೇಕು. ಕಾರ್ಖಾನೆಯಲ್ಲಿ ತಯಾರಾದ ಆಯುಧವನ್ನು ಸಾಮಾನ್ಯ ಮಿತಿಗಿಂತ ಹೆಚ್ಚಿನ ಒತ್ತಡದ ಕಾಡತೂಸಿನಿಂದ ಪರೀಕ್ಷಿಸಿ ಮುದ್ರೆ ಒತ್ತಿ ಹೊರಬಿಡುತ್ತಾರೆ. ಕದ್ದುಮುಚ್ಚಿ ಮಾಡಿದ ಪಿಸ್ತೂಲಿನ ಉಕ್ಕು ಎಷ್ಟು ತಡೆಯುತ್ತದೆಂಬುದನ್ನು ಯಾರೂ ಅಳೆದಿರುವುದಿಲ್ಲ.

ಶಾಲೆಯ ಮಕ್ಕಳ ‘.22’

ಮಕ್ಕಳು ಈ ವಿಷಯಕ್ಕೆ ನೇರವಾಗಿ ಬರುವುದು ಎನ್.ಸಿ.ಸಿ. ಮತ್ತು ಕ್ರೀಡೆಯ ಮೂಲಕ. ಎನ್.ಸಿ.ಸಿ. ಕೆಡೆಟ್‌ಗಳ ತರಬೇತಿಯ ರೈಫಲು .22, 5.6 ಮಿ.ಮೀ. ಎಂಬುದು ಅದರ ಮಿಲಿಮೀಟರಿನ ಹೆಸರು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಕಂಚು ಗೆದ್ದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಬಳಸಿದುದು ಅದೇ .22 ಜಾತಿಯ ಕಾಡತೂಸನ್ನು. ಅದೇ ಕೂಟದಲ್ಲಿ ಎರಡು ಕಂಚು ಗೆದ್ದ ಮನು ಭಾಕರ್ ಅವರ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಾಡತೂಸೇ ಇಲ್ಲ. ಒತ್ತಿದ ಗಾಳಿ 4.5 ಮಿ.ಮೀ. ಸೀಸದ ಕಾಳನ್ನು ನೂಕುತ್ತದೆ. 2012ರ ಲಂಡನ್ ಒಲಿಂಪಿಕ್ಸಿನ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದ ವಿಜಯ್ ಕುಮಾರ್ ಅವರ ಕಾಡತೂಸು ಮತ್ತೆ .22.

ಈ .22ರಲ್ಲಿಯೂ ಅಣ್ಣತಮ್ಮಂದಿರಿದ್ದಾರೆ. 1857ರ ‘.22 ಶಾರ್ಟ್’ ಹಿರಿಯದು; 1887ರ ‘.22 ಲಾಂಗ್ ರೈಫಲ್’ ಇಂದು ಎಲ್ಲೆಡೆ ಬಳಕೆಯಲ್ಲಿರುವುದು. ಹೆಸರಿನಲ್ಲಿ ರೈಫಲ್ ಎಂದಿದ್ದರೂ ಕ್ರೀಡಾ ಪಿಸ್ತೂಲುಗಳೂ ಇದನ್ನೇ ಹಾರಿಸುತ್ತವೆ. 1959ರಲ್ಲಿ ಬಂದ ‘.22 ಮ್ಯಾಗ್ನಮ್’ ಇವೆರಡಕ್ಕಿಂತ ದಪ್ಪ. ಅದರ ಗೂಡಿನಲ್ಲಿ ಲಾಂಗ್ ರೈಫಲ್ ಕಾಡತೂಸನ್ನು ಹಾಕಿದರೆ ಸಡಿಲವಾಗಿ ಕೂತು, ಹಾರಿಸಿದಾಗ ಕೋಶ ಸೀಳಿ ಬಿಸಿ ಅನಿಲ ಹಿಂದಕ್ಕೆ ಚಿಮ್ಮಬಹುದು. ತರಬೇತಿಯ ಮೈದಾನದಲ್ಲಿ ಕಾಡತೂಸನ್ನು ಎಣಿಸಿ ಕೊಡುವುದು, ಖಾಲಿ ಕೋಶವನ್ನು ಎಣಿಸಿ ಹಿಂದಕ್ಕೆ ಪಡೆಯುವುದು ಒಣ ಶಿಸ್ತಿನಂತೆ ಕಂಡರೂ ಅದಕ್ಕೆ ಕಾರಣವಿದೆ. ಜೇಬಿನಲ್ಲಿ ಮನೆಗೆ ಬಂದ ಒಂದು ಕಾಡತೂಸು ಯಾರ ಕೈಗೆ ಹೋಗುತ್ತದೆಂದು ಹೇಳಲಾಗದು.

ಮನೆಯಲ್ಲಿ ಕಾಡತೂಸು ಸಿಕ್ಕರೆ

ಹಳೆಯ ಮನೆ ಕೆಡವುವಾಗ, ಅಟ್ಟ ಗುಡಿಸುವಾಗ, ತೋಟ ಅಗೆಯುವಾಗ ಕಾಡತೂಸು ಸಿಗುವುದುಂಟು. ಹಿತ್ತಾಳೆ ಹಸಿರುಗಟ್ಟಿದ್ದರೆ ಅದು ಸತ್ತುಹೋಗಿದೆ ಎಂದುಕೊಳ್ಳುವುದು ಸುಲಭ. ಒಣ ಜಾಗದಲ್ಲಿದ್ದ ಮದ್ದು ಹತ್ತಾರು ವರ್ಷ ಜೀವ ಹಿಡಿದಿರಬಲ್ಲದು. ಕೇಪಿನ ಮೇಲೆ ಗುಳಿ ಇದ್ದು ಗುಂಡು ಇನ್ನೂ ಬಾಯಲ್ಲಿಯೇ ಇದ್ದರೆ ಅದು ಹಾರದೆ ಉಳಿದ ಕಾಡತೂಸು. ಅದರ ಮದ್ದು ಒಳಗೇ ಇದೆ.

ಅದನ್ನು ಸುತ್ತಿಗೆಯಿಂದ ಬಡಿಯಬಾರದು, ಕಟ್ಟಿಂಗ್ ಪ್ಲೇಯರಿನಿಂದ ಬಿಚ್ಚಬಾರದು. ಒಲೆಗಾಗಲಿ ಕಸದ ಬೆಂಕಿಗಾಗಲಿ ಎಸೆಯಬಾರದು. ಆಯುಧದ ಗೂಡಿನಾಚೆ ಕಾದ ಕಾಡತೂಸು ಒಡೆದಾಗ ಹಿತ್ತಾಳೆಯ ಚೂರುಗಳು ಎತ್ತ ಬೇಕಾದರೂ ಹಾರುತ್ತವೆ. ಗುಜರಿಯವರಿಗೆ ತೂಕಕ್ಕೆ ಹಾಕಿದರೆ ಅಪಾಯವನ್ನು ಇನ್ನೊಬ್ಬರ ಮನೆಗೆ ಕಳುಹಿಸಿದಂತೆ. ಬಾವಿಗೆ ಎಸೆದರೆ ಮುಂದೆ ಹೂಳೆತ್ತುವವರ ಕೈಗೆ ಅದು ಸಿಗುತ್ತದೆ. ಮಕ್ಕಳು ಕಂಡರೆ ಮುಟ್ಟದೆ ದೊಡ್ಡವರಿಗೆ ಹೇಳಬೇಕು. ದೊಡ್ಡವರು ಅದನ್ನು ಇದ್ದಲ್ಲಿಯೇ ಬಿಟ್ಟು ಠಾಣೆಗೆ ತಿಳಿಸಬೇಕು. ಠಾಣೆಗೆ ಹೋದರೆ ಪ್ರಕರಣ ಮೈಮೇಲೆ ಬರುತ್ತದೆಂಬ ಅಂಜಿಕೆ ಅನೇಕರಲ್ಲಿದೆ. ತಿಳಿಯದೆ ಬಂದ ಸ್ವಾಧೀನವನ್ನೂ ತಿಳಿದೂ ಇಟ್ಟುಕೊಂಡ ಸ್ವಾಧೀನವನ್ನೂ ಸರ್ವೋಚ್ಚ ನ್ಯಾಯಾಲಯ ಬೇರೆಬೇರೆಯಾಗಿಯೇ ಕಂಡಿದೆ. ಸಿಕ್ಕ ದಿನವೇ ತಿಳಿಸಿದವರು ಮೊದಲನೆಯ ಗುಂಪಿನವರು. ಮುಚ್ಚಿಟ್ಟ ಪ್ರತಿಯೊಂದು ದಿನವೂ ಅವರನ್ನು ಎರಡನೆಯ ಗುಂಪಿನತ್ತ ನೂಕುತ್ತದೆ.

ಪರವಾನಗಿ ಇರುವ ಮನೆಗಳಿಗೆ ಇನ್ನೊಂದು ಕೆಲಸವಿದೆ. ಆಯುಧ ಯಾವುದು, ಅದರ ಕಾಡತೂಸಿನ ಪೂರ್ಣ ಹೆಸರೇನು ಎಂಬುದನ್ನು ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದು ಪರವಾನಗಿ ಪುಸ್ತಕದೊಳಗೆ ಇಡಬಹುದು: ‘.32 ರಿವಾಲ್ವರು. ಕಾಡತೂಸು: .32 ಸ್ಮಿತ್ ಆ್ಯಂಡ್ ವೆಸನ್ ಲಾಂಗ್. ಎ.ಸಿ.ಪಿ. ಸಲ್ಲದು.’ ಪರವಾನಗಿದಾರ ಇಲ್ಲದ ದಿನ ಆ ತಿಜೋರಿಯನ್ನು ತೆರೆಯುವವರು ಮಗಳೋ ಮೊಮ್ಮಗನೋ ಆಗಿರುತ್ತಾರೆ. ಅಂಕಿಯನ್ನು ಅವರು ಹೇಗೂ ಓದಬಲ್ಲರು. ಅಂಕಿಯ ಮುಂದಿನ ಹೆಸರನ್ನು ಅವರು ಓದಬಲ್ಲ ಅಕ್ಷರದಲ್ಲಿ ಬರೆದಿಡುವುದು ಹಿರಿಯರ ಹೊಣೆ.